ಕೀಲಿ ಮೂಸಿದವರು

ಜನವರಿ 12

ಗೂಬೆ,

ಹೀಗೆ ಕರೆದರೂ ನಿನ್ನ ಪ್ರಯೋಗಾಲಯದವರಿಗೆ ಕೇಳಿಸುವುದಿಲ್ಲ, ಕಾಗದದ ಸುಖವೇ ಅದು. ಫೋನು ಯಾಕೆ ಎತ್ತುವುದಿಲ್ಲ ಎಂದು ಕೇಳಿದ್ದೀ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಅಳು ಬರುತ್ತದೆ. ಕಾಗದವಾದರೆ ಕಣ್ಣೊರೆಸಿಕೊಂಡು ಮುಂದಿನ ಸಾಲು ಬರೆಯಬಹುದು. ಹಾಗಾಗಿ ಇನ್ನು ಮೇಲೆ ಹೀಗೆಯೇ.

ನಿನ್ನ ಭಾವ ಹೋಗಿ ಮೂರು ತಿಂಗಳಾಯಿತು. ಹೋದ ವಾರ ಅಂಗಡಿ ತೆಗೆದೆ. ಹಲಗೆಯ ಮೇಲೆ ‘ಬೀಗ ರಿಪೇರಿ, ಕೀಲಿ ನಕಲು’ ಎಂದು ಇರುವುದು ಹಾಗೆಯೇ ಇದೆ, ಮಾಡುವ ಕೈ ಮಾತ್ರ ಬೇರೆ. ಅವರ ಪಕ್ಕದ ಸ್ಟೂಲಿನಲ್ಲಿ ಇಷ್ಟು ವರ್ಷ ನಾನೇನು ನೊಣ ಹೊಡೆಯುತ್ತಾ ಕೂತಿರಲಿಲ್ಲವಲ್ಲ. ನಿನ್ನೆ ಒಬ್ಬಾಕೆ ಓಡೋಡಿ ಬಂದಳು, ಮನೆಯ ಬಾಗಿಲಿಗೆ ಒಳಗಿನಿಂದ ಬೀಗ ಬಿದ್ದಿದೆಯಂತೆ. ಒಳಗೆ ಯಾರೂ ಇಲ್ಲವೇ ಎಂದು ಕೇಳಿದೆ. “ನಮ್ಮನೆಯವರು ಮಲಗಿದಾರೆ. ಅವರನ್ನ ಎಬ್ಬಿಸೋದಕ್ಕಿಂತ ಬೀಗ ಒಡೆಯೋದೇ ಸುಲಭ” ಎಂದಳು. ನಕ್ಕುಬಿಟ್ಟೆ. ನಕ್ಕ ಮೇಲೆ, ಇದನ್ನು ಹೇಳಲು ಪಕ್ಕದಲ್ಲಿ ಜನ ಇಲ್ಲ ಎಂದು ನೆನಪಾಯಿತು.

ಈಗ ನಿನ್ನ ಹತ್ತಿರ ಕೇಳಬೇಕಾದದ್ದು. ಮಧ್ಯಾಹ್ನ ಅವರ ಇಕ್ಕಳ ಹಿಡಿದು ಕೆಲಸ ಮಾಡಿ, ಬೆವರು ಒರೆಸಲು ಕೈಯನ್ನು ಮುಖಕ್ಕೆ ತಂದೆ ನೋಡು, ಅವರ ವಾಸನೆ! ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಅವರ ಕೈಯಿಂದ ಬರುತ್ತಿತ್ತಲ್ಲ, ಅದೇ. ನಾನು “ಮೊದಲು ಕೈ ತೊಳೀರಿ” ಎಂದು ಗದರುತ್ತಿದ್ದೆನಲ್ಲ, ಅದೇ. ಕೀಲಿಯ ಹಲ್ಲು ಉಜ್ಜುವ ಅರ ಮುಟ್ಟಿದೆ, ಅದರಲ್ಲೂ ಇತ್ತು. ಕೀಲಿಗಳ ಗೊಂಚಲಿನಲ್ಲೂ ಇತ್ತು. ಶಟರು ಅರ್ಧ ಎಳೆದುಕೊಂಡು ಹುಚ್ಚಿಯ ಹಾಗೆ ಒಂದೊಂದನ್ನೇ ಮೂಸುತ್ತಾ ಕೂತೆ.

ಲೋಹಕ್ಕೆ ಏನೇನು ಅಂಟುತ್ತದೆ ಎಂದು ನೋಡುವುದೇ ನಿನ್ನ ಕೆಲಸವಲ್ಲವೇ? ಮನುಷ್ಯನ ವಾಸನೆ ಕಬ್ಬಿಣದಲ್ಲಿ ಉಳಿಯುತ್ತದೆಯೇ? ಎಷ್ಟು ದಿನ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ, ನೇರವಾಗಿ ಹೇಳು.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು.

ಅಕ್ಕ


ಜನವರಿ 30

ಅಕ್ಕ,

ನಿನ್ನ ಕಾಗದವನ್ನು ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತುಕೊಂಡೇ ಓದಿದೆ. ನೀನು ಅಂಗಡಿ ತೆಗೆದದ್ದು ಕೇಳಿ ಬಹಳ ಸಮಾಧಾನವಾಯಿತು.

ನನ್ನ ಕೆಲಸವೇನೆಂದು ಭಾವ ಕೇಳಿದಾಗಲೆಲ್ಲ “ಲೋಹ ತೊಳೆಯೋದು ಭಾವ” ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಪೂರ್ತಿ ಸುಳ್ಳಲ್ಲ. ನಮ್ಮಲ್ಲಿ ಒಂದು ಉಕ್ಕಿನ ಡಬ್ಬಿ ಇದೆ. ಅದರೊಳಗಿನ ಗಾಳಿಯನ್ನೆಲ್ಲ ಹೀರಿ ಹೊರಗೆ ಹಾಕುತ್ತೇವೆ. ಒಳಗೆ ಉಗುರಿನಷ್ಟು ಲೋಹದ ಚೂರು, ಕನ್ನಡಿಗಿಂತ ನುಣುಪು. ಅದರ ಮೇಲೆ ಎಣ್ಣೆಯದೋ ಮದ್ಯಸಾರದ್ದೋ ಆವಿಯನ್ನು ಚೂರೇ ಚೂರು ಬಿಟ್ಟು, ನಿಧಾನವಾಗಿ ಬಿಸಿ ಮಾಡುತ್ತಾ ನೋಡುತ್ತೇವೆ. ಕೆಲವು ಅಣುಗಳು ಲೋಹದ ಮೇಲೆ ಬಂದು ಸುಮ್ಮನೆ ಕೂರುತ್ತವೆ, ತುಸು ಬಿಸಿ ತಾಗಿದರೆ ಬಂದ ಹಾಗೆಯೇ ಇಡಿಯಾಗಿ ಎದ್ದುಹೋಗುತ್ತವೆ. ಕೆಲವು ಅಲ್ಲೇ ಒಡೆಯುತ್ತವೆ. ಒಡೆದ ತುಂಡು ಲೋಹವನ್ನು ಹಿಡಿದರೆ ಹಿಡಿದದ್ದೇ, ಕೆಂಪಗೆ ಕಾಯಿಸಿದರೂ ಒಮ್ಮೊಮ್ಮೆ ಬಿಡುವುದಿಲ್ಲ.

ಡಬ್ಬಿಯೊಳಗೆ ಒಂದು ಬೆರಳಚ್ಚು ಬಿದ್ದರೆ ವಾರಗಟ್ಟಲೆ ಕೆಲಸ ಹಾಳು. ಬೆರಳಿನ ಜಿಡ್ಡು ಅಷ್ಟು ಹಟಮಾರಿ. ಅದಕ್ಕೇ ನಾವು ದಿನವಿಡೀ ಕೈಗವಸು ಹಾಕಿಕೊಂಡೇ ಇರುತ್ತೇವೆ. ಹಾಗಿರುವಾಗ ಒಂದು ಬೆರಳಿನ ಗುರುತೇ ಅಷ್ಟು ಕಾಲ ನಿಲ್ಲುವುದಾದರೆ, ಭಾವ ಮೂವತ್ತು ವರ್ಷ ಹಿಡಿದ ಇಕ್ಕಳದಲ್ಲಿ ಅವರದ್ದು ಉಳಿಯದೇ ಇರುತ್ತದೆಯೇ? ಉಳಿಯುತ್ತದೆ ಅಕ್ಕ.

ಅವಳು ಆರಾಮಾಗಿದ್ದಾಳೆ. ಕೆಲಸ ಜಾಸ್ತಿ.

ನಿನ್ನ ತಮ್ಮ


ಫೆಬ್ರವರಿ 20

ಗೂಬೆ,

ನಿನ್ನ ಬಾಯಿಗೆ ಸಕ್ಕರೆ ಹಾಕ. ಅಂಗಡಿ ಸಾಲಿನಲ್ಲಿ ಪಕ್ಕದ ದರ್ಜಿಗೆ ಹೇಳಿದ್ದೆ, ಇದು ನಮ್ಮ ಯಜಮಾನರದ್ದೇ ವಾಸನೆ ಎಂದು. ಅವನು ತಲೆ ಆಡಿಸಿದ, ಹುಚ್ಚು ಹಿಡಿದವರಿಗೆ ಆಡಿಸುವ ಹಾಗೆ. ಈಗ ನಿನ್ನ ಕಾಗದವನ್ನೇ ಓದಿ ಹೇಳಿದೆ. ಲೋಹದ ವಿಷಯ ಓದಿದವನು ಬರೆದದ್ದು, ಈಗೇನನ್ನುತ್ತೀಯೋ ಅನ್ನು ಎಂದೆ.

ಒಡೆದದ್ದೇ ಗಟ್ಟಿಯಾಗಿ ಹಿಡಿಯುತ್ತದೆ ಎಂದು ಬರೆದಿದ್ದೀಯಲ್ಲ, ಅದನ್ನು ಎರಡೆರಡು ಸಲ ಓದಿದೆ. ನೀವು ಓದಿದವರು ಇಂಥದ್ದನ್ನು ಹೀಗೆ ಬಿಡುಬೀಸಾಗಿ ಹೇಳಿಬಿಡುತ್ತೀರಿ.

ಅವರ ಇಕ್ಕಳ, ಅರಗಳು, ಚಿಕ್ಕ ಸುತ್ತಿಗೆ ಎಲ್ಲವನ್ನೂ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ತೆಗೆದಿಟ್ಟಿದ್ದೇನೆ. ಸದ್ಯಕ್ಕೆ ಹಳೆಯ ಒಂದು ಅರದಲ್ಲಿ ಕೆಲಸ ನಡೆಯುತ್ತಿದೆ. ಒಂದು ಅನುಮಾನ. ಬೇರೆಯವರ ಕೈ ತಾಗಿದರೆ ಅವರದ್ದು ಅಳಿಸಿಹೋಗುತ್ತದೆಯೇ? ನನ್ನ ಕೈ ತಾಗಿದರೂ?

ಇದರ ಜೊತೆ ಒಂದು ಕೀಲಿ ಕಳಿಸುತ್ತಿದ್ದೇನೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದೇನೆ. ಹಾಸಿಗೆ ಹಿಡಿಯುವ ಮೊದಲು ಅವರು ಕೊರೆದ ಕೊನೆಯ ಕೀಲಿ ಅದು. “ಇದು ನಿನ್ನ ತಮ್ಮನಿಗೆ” ಎಂದು ನನ್ನ ಕೈಯಲ್ಲಿಟ್ಟಿದ್ದರು. ಯಾವ ಬೀಗದ್ದು ಎಂದು ಕೇಳಿದರೆ “ಅವನು ಬಂದಾಗ ಗೊತ್ತಾಗತ್ತೆ” ಎಂದರು. ನೀನು ಬರಲಿಲ್ಲ. ನಮ್ಮ ಮನೆಯಲ್ಲಿ ನೀನು ಬಿಟ್ಟುಹೋದ ತಗಡಿನ ಟ್ರಂಕಿನದ್ದಿರಬೇಕು. ಅದನ್ನು ಮೂಸಿ ನೋಡು. ಬಂದೇ ಬರುತ್ತದೆ.

ನಿನ್ನ ಹೆಂಡತಿ ಹೇಗಿದ್ದಾಳೆ? ಅವಳಿಗೂ ತೋರಿಸು.

ಅಕ್ಕ


ಮಾರ್ಚ್ 11

ಅಕ್ಕ,

ಕೀಲಿ ತಲುಪಿತು. ಮೂಸಿದೆ. ಭಾವನದ್ದೇ ವಾಸನೆ.

ನಿನ್ನ ಅನುಮಾನಕ್ಕೆ, ಬೇರೆಯವರ ಕೈ ಆದಷ್ಟು ತಾಗದಿದ್ದರೆ ಒಳ್ಳೆಯದು. ಜಾಸ್ತಿ ಬರೆಯಲು ಆಗುತ್ತಿಲ್ಲ, ಡಬ್ಬಿಯ ಪಂಪು ಕೆಟ್ಟಿದೆ. ಅವಳು ಆರಾಮು.

ತಮ್ಮ


ಏಪ್ರಿಲ್ 28

ಗೂಬೆ,

ಬರೆಯಲು ತಡವಾಯಿತು. ನಿನ್ನ ಪಂಪು ಸರಿಹೋಯಿತೇ? ಇಲ್ಲಿ ನಾನು ನಿನ್ನ ಮಾತನ್ನು ಚಾಚೂ ತಪ್ಪದೆ ನಡೆಸಿದ್ದೇನೆ. ಅಂಗಡಿಗೆ ಬಂದವರೆಲ್ಲ ಗಲ್ಲಾದಲ್ಲಿದ್ದ ಕೀಲಿಗಳ ಮೇಲೆ ಕೈಯಾಡಿಸುತ್ತಿದ್ದರು, ಬಟ್ಟೆಯ ಗಂಟು ಬಿಚ್ಚಿ ಇಕ್ಕಳ ಎತ್ತಿಕೊಂಡು ಬೆನ್ನು ಕೆರೆದುಕೊಳ್ಳುವವರೂ ಇದ್ದರು ಬಿಡು. ಎಷ್ಟು ಜನರಿಗೆ ಮುಟ್ಟಬೇಡಿ ಎಂದು ಹೇಳುವುದು? ಮಾರ್ಚ್ ಕೊನೆಗೆ ಶಟರು ಎಳೆದುಬಿಟ್ಟೆ. ಸಾಮಾನನ್ನೆಲ್ಲ ಮನೆಗೆ ತಂದು ಅವರ ಕಡೆಯ ಕಪಾಟಿನಲ್ಲಿಟ್ಟಿದ್ದೇನೆ.

ಕಟ್ಟಡದ ಮಾಲೀಕ ಬಂದಿದ್ದ. ಮುಚ್ಚಿದ ಅಂಗಡಿಯಿಂದ ಸಾಲಿಗೇ ದರಿದ್ರವಂತೆ. ಜೂನ್ ಮುಗಿಯುವುದರೊಳಗೆ ತೆಗೆಯದಿದ್ದರೆ ಮೊಬೈಲ್ ರಿಪೇರಿಯವನಿಗೆ ಕೊಡುತ್ತಾನಂತೆ. ಕೊಡಲಿ. ದರ್ಜಿ ದಿನಾ ಬಂದು ತಲೆ ತಿನ್ನುತ್ತಾನೆ, ಕೈಯಲ್ಲಿ ಕಸುಬಿಟ್ಟುಕೊಂಡು ಹೀಗೆ ಕೂತರೆ ಹೇಗಮ್ಮ, ಮುಂದೆ ಊಟಕ್ಕೇನು ಮಾಡುತ್ತೀರಿ ಎಂದು. ಅವನಿಗೇನು ಗೊತ್ತು. ಮನೆಯಲ್ಲಿ ಒಂದು ಜೀವ ಇದ್ದ ಹಾಗೆ ಇದೆ ನನಗೆ.

ಆದರೆ ನಿನ್ನ ಹತ್ತಿರ ಒಂದು ಮಾತು ಹೇಳಲೇಬೇಕು. ನನಗೆ ಭಯವಾಗಿದೆ. ನಾನು ಮುಟ್ಟುವ ಮೊದಲು ಸೋಪು ಹಾಕಿ ಎರಡೆರಡು ಸಲ ಕೈ ತೊಳೆಯುತ್ತೇನೆ, ನನ್ನದು ಅವರದ್ದಕ್ಕೆ ಬೆರೆಯಬಾರದು ಎಂದು. ದಿನಾ ಮುಟ್ಟುವುದೂ ಇಲ್ಲ, ಭಾನುವಾರ ಮಾತ್ರ. ಇಷ್ಟು ಜತನ ಮಾಡಿದರೂ ವಾಸನೆ ಕಮ್ಮಿಯಾಗುತ್ತಿದೆ. ಹೋದ ಭಾನುವಾರ ಇಕ್ಕಳ ಎಷ್ಟು ಹೊತ್ತು ಹಿಡಿದುಕೊಂಡಿದ್ದರೂ ಏನೋ ಒಂದು ಚೂರು ಬಂದ ಹಾಗಾಯಿತು, ಅಷ್ಟೇ. ಎಲ್ಲಿ ತಪ್ಪುತ್ತಿದ್ದೇನೆ? ಅವರು ಆಸ್ಪತ್ರೆಯಲ್ಲಿದ್ದಾಗಲೂ ಹೀಗೇ ಆಗಿತ್ತು, ನಾನು ಎಲ್ಲ ಸರಿಯಾಗಿ ಮಾಡುತ್ತಿದ್ದೆ, ಅವರು ದಿನಾ ಕಮ್ಮಿಯಾಗುತ್ತಿದ್ದರು.

ಗಾಳಿ ತೆಗೆದ ಡಬ್ಬಿ ನಿಮ್ಮಲ್ಲಿದೆಯಲ್ಲ, ಅಂಥದ್ದು ಚಿಕ್ಕದು ಸಿಗುತ್ತದೆಯೇ? ಬೇಗ ಬರೆ. ನಿನ್ನ ಹೆಂಡತಿಯ ಸುದ್ದಿಯನ್ನೂ ಬರೆ.

ಅಕ್ಕ


ಮೇ 9

ಅಕ್ಕ,

ಕೂತುಕೊಂಡು ಓದು.

ನಿನ್ನ ಕೀಲಿ ಬಂದ ದಿನ ಅದನ್ನು ಪ್ರಯೋಗಾಲಯಕ್ಕೇ ಒಯ್ದಿದ್ದೆ. ಊಟದ ಹೊತ್ತು, ಎಲ್ಲರೂ ಕೆಳಗೆ ಹೋಗಿದ್ದರು. ಪ್ಲಾಸ್ಟಿಕ್ ಬಿಚ್ಚಿ ಮೂಗಿಗೆ ಹಿಡಿದೆ. ಏನೂ ಬರಲಿಲ್ಲ. ಕೈಯಲ್ಲಿ ಕೈಗವಸು ಇತ್ತು, ಅಭ್ಯಾಸ. ಕೈಗವಸು ತೆಗೆದು, ಬರಿಗೈಯಲ್ಲಿ ಹಿಡಿದು, ಸ್ವಲ್ಪ ಉಜ್ಜಿದೆ. ಆಗ ಬಂತು. ನೀನು ಹೇಳಿದ ವಾಸನೆಯೇ, ಭಾವ ಹೆಗಲ ಮೇಲೆ ಕೈ ಹಾಕಿದಾಗ ಬರುತ್ತಿದ್ದದ್ದೇ. ಬಾಗಿಲ ಕಡೆ ತಿರುಗಿ ನೋಡಿದೆ ಅಕ್ಕ, ಅವರೇ ಬಂದರೋ ಎಂದು. ಆಮೇಲೆ ಪಕ್ಕದಲ್ಲಿದ್ದ, ಯಾರೂ ಮುಟ್ಟದ ಹೊಸ ಕಬ್ಬಿಣದ ಬೋಲ್ಟೊಂದನ್ನು ಎತ್ತಿ ಉಜ್ಜಿದೆ. ಅದರಲ್ಲೂ ಅದೇ ವಾಸನೆ.

ಅಕ್ಕ, ಕಬ್ಬಿಣಕ್ಕೆ ವಾಸನೆ ಇಲ್ಲ. ನಮ್ಮ ಚರ್ಮದಲ್ಲಿ ಎಣ್ಣೆಯಂಥ ಜಿಡ್ಡು ಇರುತ್ತದೆ. ಬೆವರಿನ ಕೈ ಕಬ್ಬಿಣ ಮುಟ್ಟಿದ ಕೂಡಲೇ ಆ ಜಿಡ್ಡಿನ ಅಣುಗಳು ಅಲ್ಲೇ ಒಡೆಯುತ್ತವೆ. ಒಡೆದ ತುಂಡುಗಳು ಗಾಳಿಗೆ ಹಾರುತ್ತವೆ, ಆ ತುಂಡುಗಳದ್ದೇ ಆ ವಾಸನೆ. ಅದು ಎಲ್ಲೂ ಕೂಡಿಟ್ಟದ್ದಲ್ಲ. ಮುಟ್ಟಿದ ಕ್ಷಣದಲ್ಲಿ ಹುಟ್ಟುತ್ತದೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ನನ್ನ ಡಬ್ಬಿಯೊಳಗೆ ಹಿಡಿದದ್ದು ಹಿಡಿದ ಹಾಗೇ ಇರುತ್ತದೆ, ಯಾಕೆಂದರೆ ಅಲ್ಲಿ ಗಾಳಿಯೂ ಇಲ್ಲ, ಬೇರೆ ಯಾರ ಸುಳಿವೂ ಇಲ್ಲ. ನಾನು ಅದನ್ನೇ ನಿನ್ನ ಇಕ್ಕಳಕ್ಕೂ ಅಂಟಿಸಿ ಬರೆದೆ. ಬರೆಯುವಾಗ ನಂಬಿದ್ದೆ. ಕೀಲಿ ಬಂದ ಮೇಲೆ ಬರೆದದ್ದು ಮಾತ್ರ ಶುದ್ಧ ಸುಳ್ಳು.

ಸೋಪು ಹಾಕಿದ ಮೇಲೆ ವಾಸನೆ ಕಮ್ಮಿಯಾದದ್ದು ಅದಕ್ಕೇ. ನಿನ್ನ ಕೈಯ ಜಿಡ್ಡು ತೊಳೆದುಹೋಗಿತ್ತು. ನೀನು ಇಷ್ಟು ದಿನ ಮೂಸಿದ್ದು ಭಾವನನ್ನಲ್ಲ ಅಕ್ಕ. ನಿನ್ನ ಕೈಯನ್ನೇ.

ಯಾಕೆ ಸುಳ್ಳು ಹೇಳಿದೆ ಎಂದು ಕೇಳುತ್ತೀ. ಹೋದವರದ್ದು ಏನಾದರೂ ಎಲ್ಲಾದರೂ ಅಂಟಿಕೊಂಡು ಉಳಿಯುತ್ತದೆ ಎಂದು ಒಬ್ಬರಾದರೂ ನಂಬಿರಲಿ ಎನಿಸಿತು. ನನ್ನ ಆಸೆಯನ್ನು ನಿನ್ನ ಅಂಗಡಿಯ ಮೇಲೆ ಹಾಕಿದೆ. ಅದರಿಂದ ನೀನು ಶಟರು ಎಳೆದು ಕೂರುತ್ತೀ ಎಂದು ಕನಸಲ್ಲೂ ಎಣಿಸಿರಲಿಲ್ಲ. ದಯವಿಟ್ಟು ಅಂಗಡಿ ಬಿಡಬೇಡ. ಅರ ಹಿಡಿದರೆ ಭಾವ ಸವೆಯುವುದಿಲ್ಲ.

ಕೀಲಿಯನ್ನು ವಾಪಸು ಕಳಿಸುತ್ತಿದ್ದೇನೆ. ಸುಳ್ಳು ಹೇಳಿದ ಮೇಲೆ ಅದನ್ನು ಇಟ್ಟುಕೊಳ್ಳಲು ಮುಖವಿಲ್ಲ.

ತಮ್ಮ


ಜೂನ್ 14

ಅಕ್ಕ,

ನಿನ್ನ ಉತ್ತರ ಇಲ್ಲ. ಫೋನು ಹೇಗೂ ಎತ್ತುವುದಿಲ್ಲ. ನನ್ನ ಹತ್ತಿರ ದರ್ಜಿಯ ನಂಬರೂ ಇಲ್ಲ, ಅವನ ಹೆಸರನ್ನೇ ಯಾವತ್ತೂ ಕೇಳಿಕೊಂಡಿಲ್ಲ ಎಂದು ಈಗ ಹೊಳೆಯಿತು.

ಬೈದಾದರೂ ಬರೆ. ಚಿಕ್ಕಂದಿನಲ್ಲಿ ನಾನು ನಿನ್ನ ಪೆನ್ನು ಮುರಿದಾಗ ನೀನು ವಾರ ಮಾತು ಬಿಟ್ಟಿದ್ದೆ, ಆದರೂ ತಟ್ಟೆ ತಂದು ಮುಂದೆ ಕುಕ್ಕುತ್ತಿದ್ದೆ. ಆ ಕುಕ್ಕುವ ಸದ್ದಾದರೂ ಇರುತ್ತಿತ್ತು. ಇಲ್ಲಿ ಡಬ್ಬಿಯ ಪಂಪಿನದ್ದು ಬಿಟ್ಟರೆ ಸದ್ದಿಲ್ಲ. ಮನೆಗೆ ಬಂದರೆ ಅದೂ ಇಲ್ಲ. ಬೆಳಿಗ್ಗೆ ತೊಳೆದಿಟ್ಟ ಲೋಟ ಸಂಜೆ ಇಟ್ಟ ಜಾಗದಲ್ಲೇ ಇರುತ್ತದೆ.

ನೀನು ಹುಷಾರಾಗಿದ್ದೀ ಎಂಬ ಒಂದು ಸಾಲು ಸಾಕು.

ಗೂಬೆ


ಜುಲೈ 3

ಗೂಬೆ,

ಸತ್ತಿಲ್ಲ, ಇದ್ದೇನೆ. ನಿನ್ನ ಕಾಗದ ಬಂದ ದಿನ ಕಪಾಟು ತೆಗೆದು ಗಂಟು ಬಿಚ್ಚಿ, ಪಾತ್ರೆ ತೊಳೆಯುವ ಕೈಗವಸು ಹಾಕಿಕೊಂಡು ಇಕ್ಕಳವನ್ನು ಮೂಗಿಗೆ ಹಿಡಿದೆ. ಏನೂ ಇರಲಿಲ್ಲ. ತಣ್ಣನೆಯ ಕಬ್ಬಿಣ. ಕೈಗವಸು ತೆಗೆದು ಹಿಡಿದೆ, ಬಂತು. ಆದರೂ ನಿನ್ನನ್ನು ನಂಬಲಿಲ್ಲ. ಒಮ್ಮೆ ಹೌದೆಂದು ಒಮ್ಮೆ ಅಲ್ಲವೆನ್ನುವವನ ಯಾವ ಮಾತನ್ನು ನಂಬುವುದು?

ಇಕ್ಕಳ ತೆಗೆದುಕೊಂಡು ಸೀದಾ ದರ್ಜಿಯ ಅಂಗಡಿಗೆ ಹೋದೆ. ಇದನ್ನು ಗಟ್ಟಿಯಾಗಿ ಹಿಡಿದುಕೋ ಎಂದೆ. ಹಿಡಿದ. ಬಿಡು ಎಂದೆ. ಬಿಟ್ಟ. ಅವನ ಕೈಯನ್ನು ಎಳೆದುಕೊಂಡು ಮೂಸಿಬಿಟ್ಟೆ. ಅವನು ಹೌಹಾರಿ ಹೋದ, ಬಾಯಲ್ಲಿದ್ದ ಗುಂಡುಸೂಜಿ ನುಂಗದಿದ್ದದ್ದೇ ಪುಣ್ಯ. ರವಿಕೆಯ ಅಳತೆ ಕೊಡಲು ನಿಂತಿದ್ದ ಇಬ್ಬರು ಹೆಂಗಸರು ಸಾಲಿಡೀ ಡಂಗುರ ಹೊಡೆದರು. ಹೊಡೆಯಲಿ. ಅವನ ಕೈಯಲ್ಲೂ ಅದೇ ವಾಸನೆ ಕಣೋ. ಆ ದರ್ಜಿಯ ಕೈಯಲ್ಲೂ ನಿನ್ನ ಭಾವ.

ಅಲ್ಲೇ ಅವನ ಹೊಲಿಗೆ ಯಂತ್ರದ ಪಕ್ಕ ಕೂತು ಅತ್ತೆ. ಆಸ್ಪತ್ರೆಯಲ್ಲೂ ಅಷ್ಟು ಅತ್ತಿರಲಿಲ್ಲ. ಇಷ್ಟು ದಿನ ನನ್ನ ಕೈಯನ್ನೇ ಮೂಸಿಕೊಂಡು, ನನ್ನ ಕೈಯಿಂದಲೇ ಅವರನ್ನು ಕಾಪಾಡಲು ಸೋಪು ಹಾಕುತ್ತಿದ್ದೆನಲ್ಲ! ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಎದುರಿಗಿದ್ದರೆ ಎರಡು ಬಿಡುತ್ತಿದ್ದೆ. ಅವರು ಒಮ್ಮೆ ಹೋಗಿದ್ದರು, ನೀನು ಉಳಿಸಿದೆ ಎಂದುಕೊಂಡೆ, ಆಮೇಲೆ ನೀನೇ ಇನ್ನೊಮ್ಮೆ ಕಳಿಸಿದೆ. ಅದಕ್ಕೇ ಬರೆಯಲಿಲ್ಲ. ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ದರ್ಜಿ ಪಾಪ, ನಾನು ಅತ್ತು ಮುಗಿದ ಮೇಲೆ ತನ್ನ ಮನೆಯ ಬೀರುವಿನ ಕೀಲಿಯನ್ನು ಮುಂದಿಟ್ಟ. “ಕಳೆದ ತಿಂಗಳಿಂದ ಒಂದೇ ಕೀಲಿಲಿ ಇದೀವಿ, ಇನ್ನೊಂದು ಮಾಡಿಕೊಡ್ತೀರಾ?” ಎಂದ. ಎದುರು ಬೀದಿಯಲ್ಲಿ ಕೀಲಿ ಮಾಡುವ ಇನ್ನೊಬ್ಬ ಇದ್ದಾನೆ. ಅವನ ಹತ್ತಿರ ಹೋಗದೆ ಇಷ್ಟು ದಿನ ಕಾದಿದ್ದ. ಮಾರನೆಯ ದಿನ ಸಾಮಾನನ್ನು ಅಂಗಡಿಗೆ ಸಾಗಿಸಿದೆ. ಇಕ್ಕಳಕ್ಕೆ ಸುತ್ತಿದ್ದ ಬಟ್ಟೆ ಈಗ ಗಲ್ಲಾ ಒರೆಸಲು ಆಗಿದೆ. ಜೂನ್ ಕೊನೆಗೆ ಮಾಲೀಕ ಮೊಬೈಲಿನವನನ್ನು ಕರೆದುಕೊಂಡೇ ಬಂದ. ನಾನು ಬೀಗ ಬಿಚ್ಚಿಕೊಂಡು ಕೂತಿದ್ದೆ. ತಲೆ ಎತ್ತದೆ, ಯಾವ ಕೀಲಿ ಬೇಕಿತ್ತು ಎಂದು ಕೇಳಿದೆ. ಬಂದ ದಾರಿಗೆ ಸುಂಕವಿಲ್ಲ ಎಂದು ಹೋದರು.

ಈಗ ಸಂಜೆ ಮನೆಗೆ ಬಂದಾಗ ನನ್ನ ಕೈಯಿಂದ ಆ ವಾಸನೆ ಬರುತ್ತದೆ. ಮೊದಲು ಕೈ ತೊಳೆಯಿರಿ ಎನ್ನುವವರು ಯಾರೂ ಇಲ್ಲ. ಕೆಲವು ದಿನ ತೊಳೆಯುತ್ತೇನೆ, ಕೆಲವು ದಿನ ಹಾಗೇ ಇಟ್ಟುಕೊಂಡು ಮಲಗುತ್ತೇನೆ. ನನ್ನದೇ ಎಂದು ಗೊತ್ತು. ಗೊತ್ತಿದ್ದೂ ಮಲಗುತ್ತೇನೆ.

ಇನ್ನು ನಿನ್ನ ವಿಷಯ. ನಿನ್ನ ಹೆಂಡತಿ ಮನೆ ಬಿಟ್ಟಿದ್ದಾಳೆ ಎಂದು ನನಗೆ ನಿನ್ನ ಜನವರಿಯ ಕಾಗದ ಬಂದಾಗಲೇ ಗೊತ್ತಾಗಿತ್ತು. ನಿಮ್ಮ ಮನೆಯಿಂದ ಏನೇ ಬಂದರೂ ಲಕೋಟೆಯ ಮೇಲಿನ ವಿಳಾಸ ಅವಳ ದುಂಡನೆಯ ಅಕ್ಷರದಲ್ಲಿರುತ್ತಿತ್ತು. ಆ ಸಲ ನಿನ್ನ ಕಾಗೆ ಕಾಲಿನ ಅಕ್ಷರದಲ್ಲಿ ಬಂತು. ನೀನೇ ಹೇಳುತ್ತೀ ಎಂದು ಪ್ರತಿ ಕಾಗದದಲ್ಲೂ ಕೇಳುತ್ತಾ ಬಂದೆ. ನೀನು ಆರಾಮು ಆರಾಮು ಎಂದು ಬಾಯಿಗೆ ಬೀಗ ಹಾಕಿ ಕೂತೆ. ಬೀಗದವಳ ಹತ್ತಿರವೇ. ನಿನ್ನ ಭಾವನಿಗೆ ನನಗಿಂತ ಮೊದಲೇ ಅನುಮಾನ ಬಂದಿತ್ತು ಎಂದು ಈಗ ಅನ್ನಿಸುತ್ತದೆ. ಯಾಕೆ ಗೊತ್ತೇ?

ನೀನು ವಾಪಸು ಕಳಿಸಿದ ಕೀಲಿಯನ್ನು ಅಂಗಡಿಯ ಮೊಳೆಗೆ ನೇತುಹಾಕಿದ್ದೆ. ಹೋದ ವಾರ ಮನೆಯ ಕೀಲಿಯನ್ನು ಅದರ ಪಕ್ಕದಲ್ಲೇ ಹಾಕಿ ನೋಡುತ್ತೇನೆ, ಎರಡರ ಹಲ್ಲೂ ಒಂದೇ. ಹಾಸಿಗೆ ಹಿಡಿಯುವ ಹಿಂದಿನ ತಿಂಗಳು ಅವರು ಮುಂಬಾಗಿಲಿಗೆ ಹೊಸ ಬೀಗ ಹಾಕಿದ್ದರು. ಅದರದ್ದು. ಟ್ರಂಕಿನದ್ದೂ ಅಲ್ಲ, ಮಣ್ಣೂ ಅಲ್ಲ. ಕೀಲಿ ಮಾಡುವವಳು ನಾನು, ಇದನ್ನು ಮೂಗಿಗೆ ಹಿಡಿದೆನೇ ಹೊರತು ಒಂದು ದಿನವೂ ಕಣ್ಣಿಗೆ ಹಿಡಿಯಲಿಲ್ಲ. ನೀನೂ ಅಷ್ಟೇ, ನಿನ್ನ ಕೈಗೆ ಮನೆಯ ಕೀಲಿ ಕೊಟ್ಟರೆ ಪ್ರಯೋಗ ಮಾಡುತ್ತಾ ಕೂತೆ.

ಮತ್ತೆ ಕಳಿಸುತ್ತಿದ್ದೇನೆ. ಒಂದು ಹಲ್ಲು ಒರಟಾಗಿತ್ತು, ಕೊನೆ ಕೊನೆಗೆ ಅವರ ಕೈ ನಡುಗುತ್ತಿತ್ತು. ಅವರ ಅರದಿಂದಲೇ ನಾನು ಉಜ್ಜಿ ಸರಿ ಮಾಡಿದ್ದೇನೆ. ರಜೆ ಹಾಕಿ ಬಾ. ಬಾಗಿಲನ್ನು ನಿನ್ನ ಕಡೆಗೆ ಸ್ವಲ್ಪ ಎಳೆದು ಹಿಡಿದು ಎಡಕ್ಕೆ ತಿರುಗಿಸಬೇಕು. ನಾನು ಸಂಜೆಯವರೆಗೆ ಅಂಗಡಿಯಲ್ಲಿರುತ್ತೇನೆ, ಕದ ತಟ್ಟುತ್ತಾ ನಿಲ್ಲಬೇಡ, ತೆಗೆದುಕೊಂಡು ಒಳಗೆ ಹೋಗು. ನಾನು ಬಂದ ಮೇಲೆ ಮೊದಲು ಕೈ ತೊಳೆ ಎಂದು ನೀನು ಹೇಳು.

ಅಕ್ಕ